ಕಾಲ್ಬೆರಳಿನ ಹಗ್ಗ

ಪರೀಕ್ಷೆಯ ದಿನ ಮಾನ್ವಿ ಬಸ್ಸು ಹತ್ತಿದಾಗಿನಿಂದ ನನ್ನ ಬೆರಳುಗಳು ಗಾಳಿಯಲ್ಲೇ ಹೆಣೆಯುತ್ತಿದ್ದವು. ಲೇಸು ಹೆಣೆಯುವುದರಲ್ಲಿ ಪಾಸಾದರೆ ದೇವದುರ್ಗದ ಹೊಸ ಕೇಂದ್ರದಲ್ಲಿ ಕಲಿಸುವ ಕೆಲಸ. ಇಲ್ಲವಾದರೆ ಮಲ್ಲಟಕ್ಕೆ ವಾಪಸ್, ಮತ್ತೆ ಕುರಿಗಳ ಹಿಂದೆ. ಆಗ ಎಂಬತ್ಮೂರನೇ ಇಸವಿ, ಮಗಳಿಗೆ ಏಳು ತಿಂಗಳು.

ಮಾನ್ವಿಯ ತರಬೇತಿಯಲ್ಲಿ ಅಂಚು, ಬಲೆ ಎಲ್ಲ ಬೇಗ ಬಂದಿದ್ದವು. ಬಲೆಯ ನಡುವಿನ ಖಾಲಿ ಜಾಗ ತುಂಬುವ ಎಲೆಯೇ ಪ್ರಾಣ ಹಿಂಡಿದ್ದು. ಲೇಸು ಹೆಣೆಯುವ ದಿಂಬಿನ ಮೇಲೆ ಮೂರು ಎಳೆ ಇಳಿಬಿಟ್ಟು ನಾಲ್ಕನೆಯದನ್ನು ಅವುಗಳ ಮೇಲೆ ಕೆಳಗೆ ಹಾಯಿಸಬೇಕು. ಒಂದೇ ಹದದಲ್ಲಿ ಎಳೆದರೆ ಎಲೆ, ತುಸು ಬಿಗಿಯಾದರೆ ಗಂಟು. ಎರಡು ತಿಂಗಳು ಗಂಟನ್ನೇ ಹೆಣೆದೆ. ಕೊನೆಗೊಂದು ದಿನ ಕಿಟಕಿಯಾಚೆಯ ಬೇವಿಗೆ ಸೀರೆಯ ಜೋಲಿ ಕಟ್ಟಿ ಮಗಳನ್ನು ಮಲಗಿಸಿ, ಹಗ್ಗ ಒಳಗೆಳೆದು ಕಾಲ್ಬೆರಳಿಗೆ ಸುತ್ತಿಕೊಂಡೆ. ಕಾಲು ತೂಗಿದಂತೆ ಕೈ ಓಡಿತು, ಎಲೆ ಬಂತು. ಮುಂದೆ ದಿನವೂ ಹಾಗೆಯೇ ಕೂತೆ.

ಕೂಸು ನೋಡಿಕೊಳ್ಳಲು ಅತ್ತೆ ಭೀಮವ್ವ ನನ್ನ ಜತೆ ಬರುತ್ತಿದ್ದಳು. ಬಯ್ಯದಿದ್ದರೆ ಅವಳಿಗೆ ರೊಟ್ಟಿ ಇಳಿಯುವುದಿಲ್ಲ.

"ಕಂಬಳಿ ಮನಿತನದಾಗ ಇದೇನ್ ಬೇ ನಿನ್ನ ಹುಚ್ಚು? ಈ ಬಲಿಯಾಗ ಮೀನಾರ ನಿಂತಾವೇನು?"

ಪರೀಕ್ಷೆಯಲ್ಲಿ ಐದು ಎಲೆ, ಮೂರು ನೆಟ್ಟಗಾದರೆ ಪಾಸು. ಶುರುವಾಗುವಷ್ಟರಲ್ಲಿ ಜೋಲಿಯಲ್ಲಿದ್ದ ಮಗಳು ಕಿರುಚಿದಳು. ರಾಯಚೂರಿನಿಂದ ಬಂದಿದ್ದ ಪರೀಕ್ಷಕಿ ಪಾರ್ವತೆಮ್ಮ ಕಿಟಕಿಯತ್ತ ಕೈ ಬೀಸಿದರು.

"ಕೂಸಿನ್ನ ದೂರ ಒಯ್ಯಿರಿ. ಉಳಿದೋರು ಹೆಣಿಯೂದು ಬ್ಯಾಡೇನ್ರಿ?"

ಅತ್ತೆ ಮಗಳನ್ನು ಎತ್ತಿಕೊಂಡು ಹೋದಳು. ನನ್ನ ಕಾಲು ನಿಂತಿತು, ಕೈಯೂ ನಿಂತಿತು. ಮೊದಲನೆಯದು ಗಂಟು. ಬೆವರು ದಾರಕ್ಕೆ ಅಂಟಿ ಎರಡನೆಯದೂ ಗಂಟು.

ಇನ್ನು ಮೂರೇ ಉಳಿದಿದ್ದವು. ಹಗ್ಗ ಬೆರಳಿನಲ್ಲೇ ಇತ್ತು. ಆದರೆ ಖಾಲಿ ಜೋಲಿ ತೂಗಿದರೆ ಕೂಸಿಗೆ ಕೇಡು ಎಂದು ಅತ್ತೆಯೇ ನೂರು ಸಲ ಹೇಳಿದ್ದಳು. ನಾನೂ ನಂಬಿದ್ದೆ. ಹಾಗಿದ್ದೂ ಕಾಲು ಒಂದು ಸಲ ಎಳೆದೇಬಿಟ್ಟಿತು. ಜೋಲಿ ಗಾಳಿಗೆ ಹಾರಿದಂತೆ ಹಗುರವಾಗಿ ಆಡಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಂದು ಕೆಲಸಕ್ಕಾಗಿ ಮಗಳನ್ನು ಪಣಕ್ಕಿಟ್ಟೆನಲ್ಲ!

ತಲೆಯೆತ್ತಿದರೆ ಕಿಟಕಿಯಾಚೆ ದೂರದಲ್ಲಿ ಅತ್ತೆ. ಎಲ್ಲ ಕಂಡಿದ್ದಳು. ಮಗಳನ್ನು ಸೊಂಟಕ್ಕೇರಿಸಿಕೊಂಡು ದಾಪುಗಾಲು ಹಾಕಿ ಬಂದಳು. ಹಗ್ಗ ಕಿತ್ತೇ ಹಾಕುತ್ತಾಳೆ ಎಂದುಕೊಂಡೆ.

ಅವಳು ಬಗ್ಗಿ ಮರದ ಬುಡದ ಗುಂಡುಕಲ್ಲು ಎತ್ತಿಕೊಂಡಳು. ತೊಟ್ಟಿಲ ಶಾಸ್ತ್ರದ ದಿನ ಕೂಸಿಗಿಂತ ಮೊದಲು ಕಲ್ಲಿಗೆ ಕುಲಾವಿ ಹಾಕಿ ಮಲಗಿಸುತ್ತೇವಲ್ಲ, ಹಾಗೆ ಅದನ್ನು ತನ್ನ ಹೆಗಲ ಕಂಬಳಿಯಲ್ಲಿ ಸುತ್ತಿ ಜೋಲಿಯಲ್ಲಿ ಮಲಗಿಸಿದಳು. ಆಮೇಲೆ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ನನ್ನ ಮಾರಿ ಏನ್ ನೋಡ್ತಿ, ಕರೆಮ್ಮಾ? ಈಗ ಖಾಲಿ ಇಲ್ಲ. ತೂಗು."