ಮೊದಲು ಟರ್ಬೊ

“ಮೊದಲು ಟರ್ಬೊ. ಉಳಿದದ್ದು ಆಮೇಲೆ ನೋಡ್ವ,” ಎಂದ ರವೀಂದ್ರ.

ನಾಗಪತಿ ಲಾರಿಯ ಅಡಿಯಿಂದ ತೆವಳಿ ಹೊರಬಂದು, ಕೈಯ ಗ್ರೀಸನ್ನು ಹಳೆಯ ಲುಂಗಿಯ ತುಂಡಿಗೆ ಒರೆಸಿಕೊಂಡ. ಕುಮಟಾದ ಹೆದ್ದಾರಿ ಬದಿಯಲ್ಲಿ ಮೂವತ್ತು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದ ಅವನು ಯಾರಿಗೂ ತಟ್ಟನೆ ಉತ್ತರ ಕೊಡುವವನಲ್ಲ.

“ಮೊದಲು ಬ್ರೇಕು. ಆಮೇಲೆ ರೇಡಿಯೇಟರು, ಕ್ಲಚ್ಚು. ಟರ್ಬೊ ಕಡೀಗೆ,” ಅಂದ.

“ಬ್ರೇಕ್ ಹಿಡೀತದಲ್ಲ, ನಾಗಪತಣ್ಣ? ಅದ್ಕೆ ಎಂತ ಆಗಿದೆ?”

“ಹಿಡೀತದೆ. ಹೇರು ಇದ್ರೆ ಕಷ್ಟದಲ್ಲಿ ಹಿಡೀತದೆ. ಗಾಡಿ ಓಡ್ಬೇಕು ಅಂತಿ, ಓಡಿದ್ದು ನಿಲ್ಲುದು ಬೇಡ್ವ ಮಾರಾಯ?”

ರವೀಂದ್ರ ಮುಖ ತಿರುಗಿಸಿದ. ಹದಿನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿ, ಕಳೆದ ವರ್ಷವಷ್ಟೇ ಈ ಹಳೆಯ ಲಾರಿಯನ್ನು ತನ್ನದಾಗಿ ಮಾಡಿಕೊಂಡಿದ್ದ. ಹೊನ್ನಾವರದಲ್ಲಿ ಮೀನು ತುಂಬಿ, ಕತಗಾಲದ ಮೇಲೆ ಹಾದು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮುಟ್ಟಿಸುವುದು ಅವನ ಕೆಲಸ. ಹೆಂಡತಿ ಸುಮತಿ ಜೊತೆಗೆ ಹೋಗಿ ಅಂಗಡಿಗಳಿಗೆ ತೂಗಿ ಕೊಡುತ್ತಿದ್ದಳು. ಏರಿನಲ್ಲಿ ಎಂಜಿನ್ನಿಗೆ ಬಲ ಕೊಡುವ ಟರ್ಬೊ ಸೋತಿತ್ತು; ಘಟ್ಟದಲ್ಲಿ ಲಾರಿ ಎರಡನೇ ಗೇರಿನಲ್ಲಿ ಏದುಸಿರು ಬಿಡುವಾಗ ಉಳಿದ ಮೀನಿನ ಗಾಡಿಗಳು ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. ಶಿರಸಿಯ ದೊಡ್ಡ ಗಿರಾಕಿ ಕಲ್ಪನಾ ಹೇಳಿಯೇ ಬಿಟ್ಟಿದ್ದಳು: ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದ ಮೇಲೂ ತಡವಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು. ಬೋಟುಗಳು ದಡ ಸೇರಿದ ಈ ಎರಡು ತಿಂಗಳಲ್ಲಿ ಒಂದೇ ಒಂದು ರಿಪೇರಿ ಮಾಡಿಸುವಷ್ಟು ದುಡ್ಡಿನ ಅನುಕೂಲವಿತ್ತು.

“ನಾಡಿದ್ದು ಗಾಡಿ ತಂದು ಬಿಡ್ತೆ. ಟರ್ಬೊನೇ,” ಎಂದು ಹೇಳಿ ಹೊರಟ.

ಮರುದಿನ ಒಣಮೀನಿನ ಬಾಡಿಗೆ ಸಿಕ್ಕಿತು. ಶಿರಸಿಯಲ್ಲಿ ಅದನ್ನು ಇಳಿಸಿ, ದನದ ಹಿಂಡಿಯ ಚೀಲಗಳನ್ನು ಹೇರಿಕೊಂಡು ಗಂಡ ಹೆಂಡತಿ ಮಧ್ಯಾಹ್ನ ಘಟ್ಟ ಇಳಿಯತೊಡಗಿದರು. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಸುಮತಿ ಎಂದಿನಂತೆ ಮಾತಾಡುತ್ತಲೇ ಇದ್ದಳು. ಅಕ್ಕನ ಮಗಳ ಸೀಮಂತ, ಹಿರೇಗುತ್ತಿಯಲ್ಲಿ ಯಾರೋ ಹೊಸ ಮನೆ ಕಟ್ಟಿಸಿದ್ದು, ಬಂಗುಡೆಯ ರೇಟು.

ಒಂದು ತಿರುವಿನಲ್ಲಿ ಅವಳ ಚಪ್ಪಲಿಯೊಂದು ಜಾರಿ ಅವನ ಪೆಡಲಿನ ಕಡೆ ಬಂತು. ಅವನು ಅದನ್ನು ಎಡಗಾಲಿನಿಂದ ಆಚೆ ದೂಡುತ್ತ ಕೆಳಗೆ ಕಣ್ಣು ಹಾಯಿಸಿದ. ಸುಮತಿಯ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಬೆರಳುಗಳು ಬಿಳಿಚಿಕೊಂಡಿದ್ದವು. ತಿರುವು ಕಳೆದಾಗ ಕಾಲು ಸಡಿಲವಾಯಿತು. ಮುಂದಿನ ತಿರುವು ಬರುತ್ತಲೇ ಮತ್ತೆ ಒತ್ತಿತು. ಅವಳ ಬಾಯಿ ಮಾತ್ರ ಸೀಮಂತದ ಊಟದ ಬಗ್ಗೆ ಹೇಳುತ್ತಿತ್ತು.

ಘಟ್ಟದ ಬುಡದಲ್ಲಿ ಅವನು ಲಾರಿ ನಿಲ್ಲಿಸಿದ. ಅವಳು ಚಹಾಕ್ಕೆಂದು ಇಳಿದಾಗ ಬಗ್ಗಿ ನೋಡಿದ. ಅವಳು ಕಾಲಿಡುವ ಕಡೆ ರಬ್ಬರಿನ ಚಾಪೆ ಸವೆದು, ಹಿಮ್ಮಡಿಯಗಲದ ತೂತಾಗಿ ತಗಡು ಕಾಣುತ್ತಿತ್ತು. ಒಂದು ದಿನದಲ್ಲಿ ಆದದ್ದಲ್ಲ ಅದು.

“ಇಳಿವಾಗ ನಿಂಗೆ ಹೆದರಿಕೆ ಆಗ್ತದ?” ಎಂದು ಕೇಳಿದ, ಅವಳು ಲೋಟ ಹಿಡಿದು ಬಂದಾಗ.

“ಎಂತ ಹೆದರಿಕೆ? ಇಲ್ಲಪ್ಪ.”

“ಸುಮತಿ.”

ಅವಳು ಚಹಾ ಊದಿ ಊದಿ ಕುಡಿದಳು. “ಹೇಳಿ ಎಂತ ಮಾಡುದು? ಸ್ವಂತ ಗಾಡಿ ಅಂತ ನೀವು ಅಷ್ಟು ಖುಷಿಯಲ್ಲಿದ್ರಿ.”

ಪ್ರತಿ ತಿರುವಿನಲ್ಲೂ ಇವಳು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದಳು. ತಾನು ಪಕ್ಕದಲ್ಲೇ ಕೂತು ಅವಳ ಮಾತಿಗೆ ಹೂಂಗುಟ್ಟುತ್ತಿದ್ದ.

“ಟರ್ಬೊ ಬೇಡ. ಬ್ರೇಕ್ ಮಾಡಿಸ್ವ,” ಅಂದ.

ಅವಳಿಗೆ ಸಿಟ್ಟೇ ಬಂತು. “ನನ್ನ ಪುಕ್ಕಲುತನಕ್ಕೆ ವ್ಯಾಪಾರ ಬಿಡುದಾ? ಕಲ್ಪನಕ್ಕಗೆ ಎಂತ ಹೇಳ್ತ್ರಿ?”

“ನಾನು ಹೇಳ್ತೆ. ನೀ ಸುಮ್ನಿರು.”

ಅಲ್ಲಿಂದಲೇ ಫೋನು ಮಾಡಿ, ಬಂದ್ ಮುಗಿದ ಮೇಲೂ ಗಾಡಿ ತಡವಾದೀತು ಎಂದ. ಕಲ್ಪನಾ ಪೂರ್ತಿ ಕೇಳಿಸಿಕೊಂಡಳು. ಬೇಜಾರಾಗಬೇಡ, ಅರ್ಧ ಮಾಲು ಬೇರೆಯವರ ಹತ್ತಿರ ತರಿಸುತ್ತೇನೆ, ಉಳಿದರ್ಧ ನಿನ್ನದೇ ಇರಲಿ ಎಂದಳು. ಅರ್ಧ ಹೋದದ್ದು ಸಣ್ಣ ಮಾತಾಗಿರಲಿಲ್ಲ. ಕುಮಟಾ ಮುಟ್ಟಿ ಹಿಂಡಿಯ ಚೀಲಗಳನ್ನು ಇಳಿಸಿದರು.

ಗ್ಯಾರೇಜಿನಲ್ಲಿ ರವೀಂದ್ರ ಕೀಲಿಕೈಯನ್ನು ನಾಗಪತಿಯ ಮುಂದೆ ಇಟ್ಟ. “ಬ್ರೇಕು. ಎಲ್ಲಾ ಗಾಲಿದು.”

ನಾಗಪತಿ ಅವನ ಮುಖ ನೋಡಿದ, ಸುಮತಿಯ ಮುಖ ನೋಡಿದ. “ಆತು,” ಅಂದ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಮೊದಲ ಹೇರಿನ ದಿನ ಏರಿನಲ್ಲಿ ನಾಲ್ಕು ಗಾಡಿಗಳು ಇವರನ್ನು ದಾಟಿ ಹೋದವು. ರವೀಂದ್ರ ಪ್ರತಿಯೊಂದಕ್ಕೂ ಹಲ್ಲು ಕಚ್ಚಿಕೊಂಡೇ ದಾರಿ ಬಿಟ್ಟ. ಶಿರಸಿಯಲ್ಲಿ ಕಲ್ಪನಾಳ ಅಂಗಡಿಯ ಮುಂದೆ ಇನ್ನೊಬ್ಬರ ಮೀನಿನ ಪೆಟ್ಟಿಗೆಗಳು ಆಗಲೇ ಇಳಿದಿದ್ದವು.

ಮರಳುವಾಗ, ಘಟ್ಟದ ನಡುವೆ, ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದ ಸುಮತಿ ಕಿಟಕಿಯ ಗಾಜು ಇಳಿಸಿದಳು. “ಸ್ವಲ್ಪ ನಿಲ್ಸಿ. ಇಲ್ಲಿ ಅಬ್ಬಿ ಉಂಟಲ್ಲ! ಯಾವಾಗಿಂದ?”

“ಮಳೆಗಾಲಕ್ಕೆ ಯಾವಾಗ್ಲೂ ಇರ್ತದೆ.”

“ಹೌದಾ? ನಾ ಕಂಡೇ ಇಲ್ಯಪ್ಪ.”

ಅವನು ಇಳಿಜಾರಿನಲ್ಲೇ ಲಾರಿಯನ್ನು ಬದಿಗೆ ನಿಲ್ಲಿಸಿದ. ಅವಳು ಸೆರಗನ್ನು ತಲೆಗೆ ಹೊದ್ದು, ರಸ್ತೆ ದಾಟಿ, ಬಂಡೆಯ ಮೇಲಿಂದ ಬೀಳುವ ನೀರಿಗೆ ಎರಡೂ ಕೈ ಒಡ್ಡಿ ನಿಂತಳು.