ಬಳೆಯಗಲದ ಕೆಂಪು

ಅಗೋ ಮತ್ತೆ ಕಂಡಿತು, ಸೊಸೆಯಾಗಬೇಕಾದ ಶಾಮಾ ಡಾಕ್ಟರಮ್ಮನ ಮಂಚದ ಮೇಲೆ ಬೆನ್ನು ತಿರುಗಿಸಿ ಕೂತು ಅಂಗಿ ಜಾರಿಸಿದ್ದೇ ತಡ ಕಂಡಿತು, ಬಳೆಯಗಲದ ಕೆಂಪು, ಅಂಚಿನಲ್ಲಿ ಹೊಟ್ಟು ಹೊಟ್ಟು, ನಡುವೆ ಮಾತ್ರ ಏನೂ ಆಗದವರ ಹಾಗೆ ತಿಳಿ ಚರ್ಮ — ನಿನ್ನೆ ಹಮ್ಮಾಮಿನಲ್ಲಿ, ಹೆಂಗಸರೆಲ್ಲ ಒಟ್ಟಿಗೆ ಮೀಯುವ ಆ ಹಬೆಯಲ್ಲಿ ಕಂಡದ್ದು ಭ್ರಮೆಯಲ್ಲ, ಬತೂಲ್‌ಗೆ ಕಣ್ಣು ಮಂಜಾಗುವಷ್ಟೇನೂ ವಯಸ್ಸಾಗಿಲ್ಲ. ನಿನ್ನೆ ಅದರ ಮೇಲೆ ಮದರಂಗಿ ಮೆತ್ತಿತ್ತು. ಅಂಗೈಗೆ ಹಚ್ಚುತ್ತಾರೆ, ಅಂಗಾಲಿಗೆ ಹಚ್ಚುತ್ತಾರೆ, ಬೆನ್ನಿಗೆ ಯಾರಾದರೂ ಮದರಂಗಿ ಹಚ್ಚುತ್ತಾರೆಯೇ, ಮುಚ್ಚಿಡುವಂಥದ್ದು ಇದ್ದರೆ ಮಾತ್ರ. ಏನೇ ಹುಡುಗಿ ಇದು, ಬತೂಲ್ ಅಲ್ಲೇ ಕೇಳಿದ್ದಳು. ಏನಿಲ್ಲ ಅತ್ತೆ, ಸೆಖೆಗೆ ಗುಳ್ಳೆ ಎದ್ದಿತ್ತು, ಅಮ್ಮ ತಂಪಿಗೆ ಅಂತ ಹಚ್ಚಿದ್ಲು. ತಂಪಿಗಂತೆ ತಂಪಿಗೆ! ಆ ಮಹ್ಜೂಬಾ, ಇವಳ ತಾಯಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವಳು, ನಿಶ್ಚಯದ ದಿನ ಎಷ್ಟು ಸಲ ಅಂದಳು, ನನ್ನ ಮಗಳ ಮೈಮೇಲೆ ಒಂದು ಕಲೆ ಇಲ್ಲ ಬತೂಲಕ್ಕಾ. ಯಾರು ಕೇಳಿದ್ದರು? ಕೇಳದೆ ಹೇಳಿದಾಗಲೇ ಗುಮಾನಿ ಬರಬೇಕಿತ್ತು. ರಕ್ತದಲ್ಲೇ ಇದ್ದರೆ, ವಂಶದಲ್ಲೇ ಇದ್ದರೆ, ನಾಳೆ ಮೊಮ್ಮಕ್ಕಳ ಮೈತುಂಬ ಬಳೆ ಬಳೆ ಎದ್ದರೆ — ಮಗ ಇದ್ರೀಸ್, ಪಾಪದ ಮುಂಡೇದು, ಮದುವೆಯಾದರೆ ಇವಳನ್ನೇ ಅಂತ ಕೂತಿದ್ದಾನೆ, ಫೆಸ್ ಊರಲ್ಲಿ ಹುಡುಗಿಯರಿಗೇನು ಬರವೇ. ಡಾಕ್ಟರ ಬಾಯಿಂದ ಹೇಳಿಸಿಬಿಟ್ಟರೆ ಸಂಜೆಯೇ ಸಂಬಂಧ ಬೇಡ ಅಂತ ಹೇಳಿ ಕಳಿಸುವುದು, ಅದಕ್ಕೇ ಅಲ್ಲವೇ ತಾಯಿಗೂ ಸುಳಿವು ಕೊಡದೆ ಇವಳನ್ನು ಇಲ್ಲಿಗೆ ಎಳೆದು ತಂದದ್ದು. ನಿಶ್ಚಯಕ್ಕೆ ಉಡುಗೊರೆ ಕೊಟ್ಟ ಕಫ್ತಾನು ಉಡುಪು ವಾಪಸು ಬಂದೀತು, ಸಕ್ಕರೆ ಗೋಪುರಗಳು? ಇಷ್ಟರಲ್ಲಿ ಒಡೆದು ಚಹಾಕ್ಕೆ ಹಾಕಿಕೊಂಡು ಕುಡಿದಿರುತ್ತಾರೆ ಬಿಡು.

ಡಾಕ್ಟರಮ್ಮ ಬಳೆಯ ಅಂಚನ್ನು ಸಣ್ಣ ಅಲಗಿನಿಂದ ಕೆರೆದು, ಹೊಟ್ಟನ್ನು ಗಾಜಿನ ಮೇಲೆ ಉದುರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ, ಎಷ್ಟು ಹೊತ್ತು ನೋಡುತ್ತಾರಪ್ಪ — ಹುಳುಕಡ್ಡಿ ಕಣಮ್ಮಾ, ಹೆದರಬೇಡ, ಹಳೇ ರೊಟ್ಟಿಗೆ ಬೂಷ್ಟು ಹಿಡಿಯುತ್ತಲ್ಲ ಅಂಥದ್ದೇ, ಚರ್ಮದ ಮೇಲ್ಗಡೆನೇ ಇರುತ್ತೆ, ರಕ್ತದ್ದಲ್ಲ, ವಂಶದ್ದೂ ಅಲ್ಲ. ಬೂಷ್ಟೇ? ಇಷ್ಟೇನಾ? ಈಕೆಯೂ ಮಹ್ಜೂಬಾಳ ಕಡೆಯವರೋ ಏನೋ, ಯಾರಿಗೆ ಗೊತ್ತು. ಹಾಗಾದ್ರೆ ಎಲ್ಲಿಂದ ಬಂತು ಇದು, ಬತೂಲ್ ಕೇಳಿಯೇ ಬಿಟ್ಟಳು. ಇನ್ನೊಬ್ರ ಮೈಯಿಂದ ಬರುತ್ತಮ್ಮಾ, ಟವೆಲಿನಿಂದ, ಒದ್ದೆ ಬಟ್ಟೆಯಿಂದ. ಇನ್ನೊಬ್ಬರ ಮೈಯಿಂದ! ಕೇಳಿಸಿತೇ, ಯಾರ ಮೈ, ಯಾವನ ಮೈ, ಬೂಷ್ಟಿಗಿಂತ ದೊಡ್ಡದೇ ಏನೋ ಇದೆ ಇದರಲ್ಲಿ, ಬಾಯಿ ಬಿಡಿಸದೆ ಇವತ್ತು ಏಳುವುದಿಲ್ಲ — ಥೂ, ಎದೆಯ ಕೆಳಗೆ ಮತ್ತೆ ತುರಿಕೆ, ರಂಜಾನಿನಿಂದಲೂ ಇದೇ ಕಾಟ, ಆ ಹೊಸ ಸಾಬೂನಿನ ಮನೆ ಹಾಳಾಗ, ಔಷಧಿ ಅಂಗಡಿಯವನ ಟ್ಯೂಬು ಹಚ್ಚಿದರೆ ನಾಲ್ಕು ದಿನ ತೆಪ್ಪಗಿರುತ್ತದೆ, ಬಿಟ್ಟರೆ ಮೊದಲಿಗಿಂತ ಅಗಲ. ಡಾಕ್ಟರಮ್ಮ ಹುಡುಗಿಗೆ ಹೇಳುತ್ತಲೇ ಇದ್ದಾರೆ, ಈ ಮುಲಾಮು ಕೆಂಪಿನ ಆಚೆಗೂ ಒಂದು ಬೆರಳು ದಾಟಿಸಿ ಹಚ್ಚು, ಮಾಸಿತು ಅಂತ ಬಿಡಬೇಡ, ಮಾಸಿದ ಮೇಲೂ ನಾನು ಸಾಕು ಅನ್ನೋವರೆಗೆ ಹಚ್ಚು, ಬೆವರು ನಿಲ್ಲದ ಹಾಗೆ ನೋಡ್ಕೋ, ಟವೆಲ್ಲು ಕುದಿಯೋ ನೀರಿಗೆ, ಅಂಗಡಿಯವರು ಕೊಡ್ತಾರಲ್ಲ ತುರಿಕೆ ಟ್ಯೂಬು, ಅದನ್ನ ಮಾತ್ರ ಮುಟ್ಟಬೇಡ, ಮೇಲೆ ಕೆಂಪು ಅಡಗಿಸಿ ಬೂಷ್ಟನ್ನ ಚೆನ್ನಾಗಿ ಸಾಕುತ್ತೆ ಅದು. ಬತೂಲಳ ಕೈ ತುರಿಸುತ್ತಿದ್ದಲ್ಲೇ ನಿಂತಿತು.

ಯಾರದಾದ್ರೂ ಕೆಸ್ಸಾ ಬಳಸಿದ್ಯಾ ಮಗಳೇ, ಡಾಕ್ಟರಮ್ಮ ಕೇಳಿದರು, ಮೈ ತಿಕ್ಕೋ ಗವಸು, ಬರೋರೆಲ್ಲ ಅದರಿಂದಲೇ ಅಂಟಿಸ್ಕೊಂಡು ಬರ್ತಾರೆ. ಕೆಸ್ಸಾ — ಬತೂಲಳ ಮನೆತನದಲ್ಲಿ ನಿಶ್ಚಯವಾದ ಮೇಲಿನ ಮೊದಲ ಹಮ್ಮಾಮಿನಲ್ಲಿ ಅತ್ತೆಯಾಗುವವಳು ತನ್ನ ಕೆಸ್ಸಾ ತೊಟ್ಟೇ ಹುಡುಗಿಯ ಬೆನ್ನು ತಿಕ್ಕಬೇಕು, ಇನ್ನು ನೀನು ನಮ್ಮವಳು ಅಂತ, ಬತೂಲಳಿಗೆ ಅವಳ ಅತ್ತೆ ತಿಕ್ಕಿದ್ದಳು, ಹೋದ ತಿಂಗಳು ಅವಳು ಶಾಮಾಗೆ ತಿಕ್ಕಿದಳು, ಉರಿಯುತ್ತೆ ಅತ್ತೇ ಅಂತ ಹುಡುಗಿ ನಕ್ಕರೂ ಬಿಡದೆ, ಅದಕ್ಕೂ ಮೊದಲು ತನ್ನ ಮೈ ತಿಕ್ಕಿಕೊಂಡು, ಹಿತವಾಗುತ್ತದೆಂದು ಎದೆಯ ಕೆಳಗೆ ಇನ್ನಷ್ಟು ಎಳೆದು, ಆಮೇಲೆ ಅದೇ ಒದ್ದೆ ಗವಸಿನಲ್ಲಿ ಈ ಬೆನ್ನು, ಬೆನ್ನಿನ ಇದೇ ಜಾಗ... ಹಮ್ಮಾಮಿನಲ್ಲಿ ಯಾರದೋ ಬಿದ್ದಿತ್ತು ಡಾಕ್ಟ್ರೇ, ನಾನೇ ತಗೊಂಡೆ, ನಂದೇ ತಪ್ಪು. ಸುಳ್ಳು! ತಲೆ ಎತ್ತದೆ ಹೇಳುತ್ತಿದ್ದಾಳೆ ಶಾಮಾ, ಹಸೀ ಸುಳ್ಳು. ಅವತ್ತೇ ಅತ್ತೆಯ ಎದೆಯ ಕೆಳಗಿನ ಕೆಂಪು ನೋಡಿದ್ದಾಳೆ, ಹಮ್ಮಾಮಿನಲ್ಲಿ ಯಾರ ಮೈ ಯಾರಿಗೆ ಮುಚ್ಚಿದ್ದು, ಎಲ್ಲ ಗೊತ್ತಿದ್ದೂ ಮದರಂಗಿ ಮೆತ್ತಿಕೊಂಡು ಸುಮ್ಮನಿದ್ದಳು. ಯಾಕೆ, ನಾಳೆ ಎತ್ತಿ ಆಡುವುದಕ್ಕೆ, ಅತ್ತೆಯ ಜುಟ್ಟು ಕೈಯಲ್ಲಿರಲಿ ಅಂತ — ಇಲ್ಲ, ಅಂಥ ಮುಖವಲ್ಲ ಅದು, ಹೆದರಿದ ಮುಖ, ಅತ್ತೆಗೇ ಹೆದರಿದ ಮುಖ, ಅಯ್ಯೋ ನನ್ನ ಮಗಳೇ. ನಿಮಗೇನಾದ್ರೂ ತುರಿಕೆ ಇದೆಯಾ ಅಮ್ಮಾ, ಡಾಕ್ಟರಮ್ಮ ಇತ್ತ ತಿರುಗಿದರು. ಅತ್ತೆಗೇನಿಲ್ಲ, ಶಾಮಾ ಥಟ್ಟನೆ ಅಂದಳು. ಹೌದು ಏನಿಲ್ಲ ಅಂದರೆ ಮುಗಿಯಿತು, ಮಾನ ಉಳಿಯಿತು, ಆದರೆ ಬತೂಲಳ ಕೈ ಜೆಲ್ಲಾಬ ನಿಲುವಂಗಿಯ ಗುಂಡಿ ಬಿಚ್ಚುತ್ತಿದೆ, ಒಂದು, ಇನ್ನೊಂದು, ಶಾಮಾ ಬೇಡ ಅತ್ತೆ ಅನ್ನುತ್ತಿದ್ದಾಳೆ, ಇಲ್ಲಿದೆ ನೋಡಿ ಡಾಕ್ಟ್ರೇ, ನಂದೇ ಅದು, ನನ್ನದೇ, ಬಳೆಯಗಲವಲ್ಲ, ತಟ್ಟೆಯಗಲ, ಅಂಚೆಲ್ಲ ಕೆಂಪು, ಕೆಂಪು —