ಎರಡು ಬಿಂದುಗಳ ನಡುವಿನ ದೋಣಿ

ಕಡಲತೀರದ ಊರು ಸೇಂಟ್ ಹೆಲೆನ್ಸಿನ ಮೀನುಗಾರ ಕ್ಲೆಮ್ ಪೆನಿಕಾಟ್ ಒಂದು ಬೆಳಗ್ಗೆ ಸಿಗಡಿ ಹಿಡಿಯಲು ಹೋದವನು ಬಂಡೆಗೆ ಬಡಿದ ದೋಣಿಯೊಂದಿಗೆ ಮುಳುಗಿಹೋದ. ದೇಹ ಸಿಗಲಿಲ್ಲ. ಸಾವಿನ ವಿಚಾರಣೆ ಹೋಬಾರ್ಟ್ ನಗರದ ಕೋರ್ಟಿನಲ್ಲಿ ನಡೆಯಬೇಕಿತ್ತು. ಅಲ್ಲಿ ತೋರಿಸಲು ಆ ಬೆಳಗಿನ ದೋಣಿಯ ಓಟವನ್ನು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರವಾಗಿ ತಯಾರಿಸುವ ಕೆಲಸ ಆನಿಮೇಟರ್ ಟೆಗನ್ ಮರ್ಡಕ್‌ಗೆ ಬಂತು.

ದೋಣಿಯಲ್ಲಿದ್ದ ಸಣ್ಣ ಯಂತ್ರವೊಂದು ತಾನಿರುವ ಜಾಗವನ್ನು ಆಗಾಗ ಉಪಗ್ರಹಕ್ಕೆ ತಿಳಿಸುತ್ತಿತ್ತು. ಟೆಗನ್ ಆ ಜಾಗಗಳನ್ನೇ ಕಂಪ್ಯೂಟರಿಗೆ ಕೊಡುವ ಆದೇಶಗಳ ಸ್ಕ್ರಿಪ್ಟಿನಲ್ಲಿ ಬರೆದಳು: ಈ ಫ್ರೇಮಿನಲ್ಲಿ ದೋಣಿ ಇಲ್ಲಿ, ಆ ಫ್ರೇಮಿನಲ್ಲಿ ಅಲ್ಲಿ, ಮೂತಿ ಇಷ್ಟು ತಿರುಗಲಿ, ಅಲೆ ಇಷ್ಟು ಏಳಲಿ. ನಡುವಿನ ಫ್ರೇಮುಗಳ ಅಂಕಿಗಳನ್ನು ಕಂಪ್ಯೂಟರೇ ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ತುಂಬಿಕೊಂಡಿತು.

ವಿಚಾರಣೆಗೆ ಮೊದಲು ಕ್ಲೆಮ್‌ನ ಹೆಂಡತಿ ಲೋರ್ನಾ ಅದನ್ನು ನೋಡಲು ಬಂದಳು.

"ಇನ್ನೊಂದ್ಸಲ ಹಾಕು ಮಗಾ," ಎಂದಳು. ಎರಡನೆಯ ಸಲ ನೋಡಿದಾಗ ಅವಳ ಮುಖ ಬಿಗಿದುಕೊಂಡಿತು. "ಇದ್ರಲ್ಲಿ ಅವ್ನು ನಿದ್ದೆ ಹೊಡೀತಿದಾನೆ. ಬೆಣ್ಣೆ ಜಾರ್ದಂಗೆ ಜಾರ್ಕೊಂಡು ಬಂಡೆಗೆ ಹೋಗ್ತಾನಲ್ಲ! ಕ್ಲೆಮ್ ಚರ್ಚಲ್ಲಿ ಗೊರಕೆ ಹೊಡೀತಿದ್ದ, ಒಪ್ಕೋತೀನಿ. ಚುಕ್ಕಾಣಿ ಹಿಡ್ದಾಗಲ್ಲ."

"ಕೊನೇಲಿ ಆ ಯಂತ್ರ ತಿಳಿಸಿದ ಎರಡು ಜಾಗ ಮಾತ್ರ ಗೊತ್ತಿರೋದು. ನಡುವಿಂದು ಕಂಪ್ಯೂಟರ್ ತುಂಬಿದ್ದು."

"ಹಂಗ್ ತುಂಬು ಅಂತ ಅದಕ್ಕೆ ಹೇಳ್ದೋರ್ಯಾರು?"

"ನಾನೇ," ಎಂದಳು ಟೆಗನ್.

"ಹಾಗಾದ್ರೆ ದೋಣಿ ತಿರುಗ್ಸು. ಕೊನೇ ಗಳಿಗೇಲಾದ್ರೂ ಒದ್ದಾಡ್ಲಿ ಅವ್ನು. ನಿಂಗೇನು, ಒಂದು ಅಂಕಿ ತಾನೆ?"

ಒಂದು ಅಂಕಿಯೇ. ಟೆಗನ್ ಬದಲಿಸಿದಳು. ದೋಣಿ ತಟ್ಟನೆ ಮೂತಿ ಹೊರಳಿಸಿ ಬಂಡೆಯಿಂದ ಕಡಲಿನತ್ತ ಹೋಗಲು ಒದ್ದಾಡಿತು. ಲೋರ್ನಾ ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

"ಇರ್ಲಿ, ಇದೇ ಇರ್ಲಿ."

"ಆಗಲ್ಲ ಲೋರ್ನಾ. ಇದೂ ನಾನು ಹೇಳಿದ್ದೇ. ನಡೆದದ್ದು ಅಂತ ತೋರ್ಸೋಕಾಗಲ್ಲ."

"ಕಲ್ಲು ನೀನು," ಎಂದು ಲೋರ್ನಾ ಕೋಟು ಎತ್ತಿಕೊಂಡು ಹೊರಟುಹೋದಳು.

ಟೆಗನ್ ನಡುವಿನ ಓಟದ ಆ ಎರಡು ಚಿತ್ರಗಳನ್ನೂ ಅಳಿಸಿದಳು. ವಿಚಾರಣೆಯ ದಿನ, ಗೊತ್ತಿದ್ದ ಕೊನೆಯ ಎರಡು ಜಾಗಗಳಲ್ಲಿ ಮೊದಲನೆಯದನ್ನು ತಲುಪಿದ ದೋಣಿ ಪರದೆಯಿಂದ ಮಾಯವಾಯಿತು. ಬರೀ ನೀರು ಏಳುತ್ತ ಬೀಳುತ್ತ ಇತ್ತು. ಬಹಳ ಹೊತ್ತಿನ ಮೇಲೆ ದೋಣಿ ಬಂಡೆಯ ಬಳಿ ಕಾಣಿಸಿತು.

"ನಡುವೆ ಏನಾಯ್ತು?" ವಕೀಲ ಕೇಳಿದ.

"ಗೊತ್ತಿಲ್ಲ."

"ಒಂದು ಅಂದಾಜು?"

"ಅಂದಾಜನ್ನ ಚಿತ್ರ ಮಾಡಿದ್ರೆ ಎಲ್ರೂ ಕಣ್ಣಾರೆ ಕಂಡ್ವಿ ಅಂದ್ಕೋತಾರೆ ಸಾರ್. ಮಾಡಲ್ಲ."

ಕಾರಣ ತಿಳಿದಿಲ್ಲವೆಂದೇ ತೀರ್ಪಾಯಿತು. ಕ್ಲೆಮ್‌ನ ಮೇಲೆ ತಪ್ಪು ಹೊರಿಸಲಿಲ್ಲ. ಅವನನ್ನು ಹೊಗಳಲೂ ಇಲ್ಲ.

ಹೊರಗೆ ಲೋರ್ನಾ ಮೆಟ್ಟಿಲ ಮೇಲೆ ಕೂತಿದ್ದಳು. "ನಿನ್ ಮೇಲೆ ಸಿಟ್ಟು ಹೋಗಿಲ್ಲ ನಂಗೆ," ಎಂದಳು.

"ಗೊತ್ತು."

"ಆ ಖಾಲಿ ನೀರು ನೋಡೋಕೆ ತುಂಬಾ ಕಷ್ಟ ಆಯ್ತು." ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. "ಕೂತ್ಕೋ. ಬಸ್ಸಿಗಿನ್ನೂ ಹೊತ್ತಿದೆ."